ಎಂಟ್ರಿ ಲೆವೆಲ್ ಸರಿ, ಎಂಟ್ರಿ ಎಲ್ಲಿಗೆ?

ಕ್ಯಾಮೆರಾ ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಅಹಮದಾಬಾದಿನ ನನ್ನ ಪರಿಚಯದ ಕನ್ನಡಿಗರಲ್ಲಿ ಯಾರಿಗೂ ರುಚಿಸುವುದಿಲ್ಲ. 18-55 ಕಿಟ್ ಲೆನ್ಸ್ ಸಿಕ್ಕಿಸಿ ಮಾರುವ ಎಂಟ್ರಿ ಲೆವೆಲ್ ಡಿಎಸ್ಎಲ್ಆರ್ ಬೇಡ. ಒಂದಿಂಚಿನ ಸೆನ್ಸರ್ ಇರುವ ಒಳ್ಳೆಯ ಕಾಂಪ್ಯಾಕ್ಟ್ ಕ್ಯಾಮೆರಾ ತೆಗೆದುಕೊಳ್ಳಿ; ಹೊಸದು ಕೈಗೆಟುಕದಿದ್ದರೆ ಸೆಕೆಂಡ್ ಹ್ಯಾಂಡ್ ಆದರೂ ಸರಿ. ಇಷ್ಟೇ ಉತ್ತರ. ಇದಕ್ಕೆ ಬರುವ ಮರುಮಾತೂ ಒಂದೇ: "ಅಷ್ಟು ದುಡ್ಡು ಕೊಟ್ಟು ಅಷ್ಟು ಚಿಕ್ಕದನ್ನ ತರೋದಾ?"

ಈ ಮರುಮಾತಿನ ಬೇರು ಗುಜರಾತಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆ ಭಾಷೆಯಲ್ಲಿ ನಿರ್ಜೀವ ವಸ್ತುಗಳಿಗೂ ಲಿಂಗವಿದೆ, ಮತ್ತು ಎಷ್ಟೋ ಪದಗಳಲ್ಲಿ ಲಿಂಗವೇ ಗಾತ್ರವನ್ನೂ ಹೇಳುತ್ತದೆ. ದೊಡ್ಡ ಡಬ್ಬ ಡಬ್ಬೋ, ಪುಲ್ಲಿಂಗ. ಸಣ್ಣದು ಡಬ್ಬಿ, ಸ್ತ್ರೀಲಿಂಗ. ಬಡಿಸುವ ಸೌಟು ಚಮಚೋ, ಚಹಾ ಕಲಕುವುದು ಚಮಚಿ. (ದೊಡ್ಡವರ ಹಿಂದೆ ಸುತ್ತುವವನೂ ಅಲ್ಲಿ ಚಮಚೋನೇ. ಆ ಅರ್ಥ ನಮಗೂ ಬಂದಿದೆ, ಲಿಂಗ ಮಾತ್ರ ಗಡಿಯಲ್ಲೇ ಉಳಿಯಿತು.) ಕ್ಯಾಮೆರಾ ಗುಜರಾತಿಯಲ್ಲಿ ಕ್ಯಾಮೆರೋ. ರಿಲೀಫ್ ರೋಡಿನ ಅಂಗಡಿಯಲ್ಲಿ ನಿಂತರೆ ಗಿರಾಕಿಗಳು ಮಾದರಿಯ ಹೆಸರು ಹೇಳುವುದಕ್ಕಿಂತ ಹೆಚ್ಚಾಗಿ "ಮೋಟೋ ಕ್ಯಾಮೆರೋ" ಎಂದೇ ಕೇಳುತ್ತಾರೆ. ದೊಡ್ಡ ಕ್ಯಾಮೆರಾ. ನಾವು ಕನ್ನಡದವರು ಕ್ಯಾಮೆರಾವನ್ನು "ಅದು" ಎಂದೇ ಕರೆದರೂ, ಮನಸ್ಸಿನೊಳಗೆ ಮೀಸೆ ಅಂಟಿಸಿಕೊಂಡೇ ಅಂಗಡಿಗೆ ಹೋಗುತ್ತೇವೆ.

ದೊಡ್ಡದನ್ನು ಕೊಳ್ಳುವವರ ಪರವಾಗಿ ಒಂದು ನ್ಯಾಯವಾದ ಮಾತಿದೆ. ಅದರ ಸೆನ್ಸರ್ ನಿಜಕ್ಕೂ ದೊಡ್ಡದು. ನಿಕಾನ್ ಡಿ3500ರ ಸೆನ್ಸರ್ 23.5 × 15.6 ಮಿಲಿಮೀಟರ್, ಸೋನಿ ಆರ್‌ಎಕ್ಸ್100 ಸರಣಿಯದ್ದು 13.2 × 8.8. ಗುಣಿಸಿ ನೋಡಿದರೆ ಮೊದಲನೆಯದು ಮೂರು ಪಟ್ಟಿಗೂ ಸ್ವಲ್ಪ ಹೆಚ್ಚು. ಸೆನ್ಸರ್ ದೊಡ್ಡದಾದಷ್ಟೂ ಹೆಚ್ಚು ಬೆಳಕು, ಮಂದ ಬೆಳಕಿನಲ್ಲಿ ಕಡಿಮೆ ಕಾಳುಕಾಳು. ಅಂಗಡಿಯವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಸೆನ್ಸರಿಗೆ ಬೆಳಕು ಬರುವುದು ಲೆನ್ಸಿನ ಮೂಲಕ. ಕಿಟ್ ಲೆನ್ಸ್ ಅತಿ ಅಗಲದ ನೋಟದಲ್ಲಿ ಎಫ್/3.5ರಷ್ಟು, ಪೂರ್ತಿ ಝೂಮ್ ಮಾಡಿದಾಗ ಎಫ್/5.6ರಷ್ಟು ಮಾತ್ರ ತೆರೆದುಕೊಳ್ಳುತ್ತದೆ. 2014ರಲ್ಲಿ ಬಂದ ಆರ್‌ಎಕ್ಸ್100 ಮೂರನೇ ಆವೃತ್ತಿಯ ಲೆನ್ಸು ಅಗಲದಲ್ಲಿ ಎಫ್/1.8, ಝೂಮಿನಲ್ಲಿ ಎಫ್/2.8. ಈ ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು, ಮತ್ತು ಬೆಳಕಿನ ವ್ಯತ್ಯಾಸ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡು ತುದಿಗಳಲ್ಲೂ ಕಾಂಪ್ಯಾಕ್ಟಿನ ಲೆನ್ಸು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮೂರು ಪಟ್ಟು ದೊಡ್ಡ ಕೋಣೆಗೆ ಕಾಲು ಭಾಗದ ಕಿಟಕಿ ಇಟ್ಟರೆ ಆ ಕೋಣೆಯ ದೊಡ್ಡತನಕ್ಕೆ ಏನು ಬೆಲೆ? ಒಟ್ಟು ಬೆಳಕನ್ನು ಲೆಕ್ಕ ಹಾಕಿದರೆ ಎರಡೂ ಸರಿಸಮ, ಕೂದಲೆಳೆಯಷ್ಟು ಕಾಂಪ್ಯಾಕ್ಟೇ ಮುಂದೆ. ಡಿ3500 ಮತ್ತು ಅದರ ಕಿಟ್ ಲೆನ್ಸು ಸೇರಿ ಸುಮಾರು 620 ಗ್ರಾಂ, ಕಾಂಪ್ಯಾಕ್ಟು 290. ಹೆಚ್ಚುವರಿ 330 ಗ್ರಾಂ ಯಾವುದಕ್ಕೆ ಎಂದು ಕೇಳಿದರೆ ಅಂಗಡಿಯವರು ಪರದೆಯ ಮೇಲೆ ಹೂವಿನ ಚಿತ್ರ ತೋರಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಒಂದಿಂಚಿನ ಸೆನ್ಸರಿನ ಕಾಂಪ್ಯಾಕ್ಟುಗಳ ಬಗ್ಗೆ: ಆರ್‌ಎಕ್ಸ್100 ಸರಣಿ, ಕ್ಯಾನನ್ ಜಿ7 ಎಕ್ಸ್ ಸರಣಿ, ಅಂಥವು. ಮಕ್ಕಳ ಹುಟ್ಟುಹಬ್ಬಕ್ಕೆ ಕೊಡಿಸುತ್ತಿದ್ದ ಅಗ್ಗದ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್ ಇದರ ಕಾಲು ಭಾಗದಷ್ಟೇ. ಅವುಗಳ ಕೆಲಸವನ್ನು ನಿಮ್ಮ ಫೋನು ಎಂದೋ ಕಿತ್ತುಕೊಂಡಿದೆ. "ಹಾಗಾದರೆ ಫೋನೇ ಸಾಕಲ್ಲ" ಎನ್ನುವವರಿಗೆ ಸಾಕಾಗಿದ್ದರೆ ಸಾಕು, ಅವರು ಈ ಬರಹವನ್ನು ಇಲ್ಲಿಗೇ ಬಿಡಬಹುದು.

ಈಗ ಎಂಟ್ರಿ ಲೆವೆಲ್ ಎಂಬ ಪದಕ್ಕೆ ಬರೋಣ. ನಾನು ಹೊಟ್ಟೆಪಾಡಿಗೆ ಅನುವಾದ ಮಾಡುವವಳು. ಸರಕುಗಳ ಕೈಪಿಡಿ, ಜಾಹೀರಾತಿನ ಸಾಲು, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಈ ಪದ ಬಂದಾಗಲೆಲ್ಲ "ಆರಂಭಿಕ ಹಂತದ" ಎಂದು ಬರೆಯುತ್ತೇನೆ, "ಎಂಟ್ರಿ ಲೆವೆಲ್ ಎಂದೇ ಇರಲಿ" ಎಂದು ವಾಪಸು ಬರುತ್ತದೆ. ಅವರ ದೃಷ್ಟಿಯಿಂದ ಅವರೇ ಸರಿ. ಭಾಷಾಶಾಸ್ತ್ರದ ತರಗತಿಯಲ್ಲಿ ಪೂರ್ವಗ್ರಹೀತದ ಪಾಠಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತಾರೆ: "ಅವನು ಸಿಗರೇಟು ಬಿಟ್ಟನೇ?" ಹೌದು ಎನ್ನಿ, ಇಲ್ಲ ಎನ್ನಿ, ಅವನು ಸೇದುತ್ತಿದ್ದ ಎಂಬುದನ್ನು ನೀವು ಒಪ್ಪಿಯಾಯಿತು. ಎಂಟ್ರಿ ಲೆವೆಲ್ ಕೂಡ ಅಂಥದ್ದೇ. ಮೇಲೆ ಮಹಡಿ ಇದೆ, ಅಲ್ಲಿಗೆ ಮೆಟ್ಟಿಲಿದೆ, ಇದು ಮೊದಲ ಮೆಟ್ಟಿಲು, ನೀವು ಹತ್ತುವವರು. ಇಷ್ಟನ್ನೂ ಬಾಯಿಬಿಟ್ಟು ಹೇಳದೆಯೇ ನಿಮ್ಮಿಂದ ಒಪ್ಪಿಸಿಕೊಂಡು ಬಿಲ್ಲು ಹರಿಯುತ್ತಾರೆ. ಕಾಂಪ್ಯಾಕ್ಟಿಗೆ ಇಟ್ಟ ಹೆಸರು ಪಾಯಿಂಟ್ ಆ್ಯಂಡ್ ಶೂಟ್. ಗುರಿ ಹಿಡಿ, ಒತ್ತು, ಮನೆಗೆ ಹೋಗು. ಅದರಲ್ಲಿ ಮಹಡಿ ಇಲ್ಲ, ಮೆಟ್ಟಿಲಿಲ್ಲ, ಕಲಿಯುವುದಕ್ಕೇನೂ ಇಲ್ಲವೆಂಬ ಧ್ವನಿ. ಆರ್‌ಎಕ್ಸ್100ರಲ್ಲಿ ಅಪರ್ಚರ್, ಶಟರ್, ಐಎಸ್‌ಒ ಎಲ್ಲವನ್ನೂ ಕೈಯಾರೆ ಹೊಂದಿಸಬಹುದು, ರಾ ಫೈಲೂ ಬರುತ್ತದೆ ಎಂಬುದು ಆ ಹೆಸರಿನೊಳಗೆ ಹಿಡಿಸುವುದಿಲ್ಲ.

ಆ ಮಹಡಿಯಾದರೂ ಇದೆಯೇ? ಕ್ಯಾನನ್ ಆಗಲಿ ನಿಕಾನ್ ಆಗಲಿ 2020ರ ನಂತರ ಒಂದೇ ಒಂದು ಹೊಸ ಡಿಎಸ್ಎಲ್ಆರ್ ತಂದಿಲ್ಲ. ಇಬ್ಬರೂ ಮಿರರ್‌ಲೆಸ್ ಕಡೆಗೆ ಗಂಟುಮೂಟೆ ಕಟ್ಟಿದ್ದಾರೆ. ಡಿ3500ರ ತಯಾರಿಕೆಯೇ ನಿಂತಿದೆ. ಹಳೆಯ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಹೊಸ ಬಾಡಿಗೆ ಸಿಕ್ಕಿಸಬಹುದು, ನಿಜ. ಆದರೆ ನೀವು ಕೊಂಡದ್ದು ಬರೀ ಕಿಟ್ ಲೆನ್ಸಾದರೆ ಸಿಕ್ಕಿಸುವುದಕ್ಕೆ ನಿಮ್ಮಲ್ಲಿ ಏನಿದೆ?

ವಡೋದರಾದಲ್ಲಿರುವ ನನ್ನ ಕಾಕಾ ಮೂಲತಃ ಧಾರವಾಡದ ಕಡೆಯವರು. ಅವರ ಮಗಳಿಗೆ ಮಾಂಡ್ವಿ ಸುತ್ತಲಿನ ಹಳೆಯ ಮನೆಗಳ ಮರದ ಬಾಗಿಲುಗಳ ಚಿತ್ರ ತೆಗೆದಿಡುವ ಆಸೆ. ಒಂದೊಂದೇ ಮನೆ ಕೆಡವಿ ಕಾಂಕ್ರೀಟು ಏಳುತ್ತಿರುವುದರಿಂದ ಅವಳಿಗೆ ಅವಸರವೂ ಇದೆ. ಆ ಊರಿನಲ್ಲಿ ಈ ಆಸೆಗೆ ದೊಡ್ಡ ಪರಂಪರೆಯಿದೆ. ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲೆ ಕಲಿಸುತ್ತಿದ್ದ ಜ್ಯೋತಿ ಭಟ್ 1960ರ ದಶಕದ ಕೊನೆಯಿಂದ ಗುಜರಾತಿನ ಹಳ್ಳಿಗಳನ್ನು ಸುತ್ತಿ, ಗೋಡೆಯ ಚಿತ್ತಾರ, ರಂಗೋಲಿ, ಹಚ್ಚೆಗಳನ್ನು ಅಳಿಯುವ ಮುಂಚೆ ಕ್ಯಾಮೆರಾದಲ್ಲಿ ಹಿಡಿದಿಟ್ಟರು. ಆ ಗೋಡೆಗಳಲ್ಲಿ ಎಷ್ಟೋ ಈಗ ಅವರ ಚಿತ್ರಗಳಲ್ಲಿ ಮಾತ್ರ ಇವೆ. ಕಾಕಾ ಫೋನಿನಲ್ಲಿ ಹೇಳಿದ್ದು: "ನೋಡವಾ, ಕೊಡಸೂದಾದ್ರ ದೊಡ್ಡದನ್ನ ಕೊಡಸ್ತೀನಿ. ಈಗ ಸಣ್ಣದು ಕೊಡಸಿದ್ರ ನಾಳೆ ಮತ್ತ ದೊಡ್ಡದು ಕೇಳ್ತಾಳ." ಮೆಟ್ಟಿಲಿನ ಉಪಮೆ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಅವಳು ದಿನಾ ಕಾಲೇಜಿಗೆ ಹೋಗುವ ದಾರಿಯಲ್ಲಿ ಆ ಬಾಗಿಲುಗಳಿವೆ. ಪುಸ್ತಕ, ಊಟದ ಡಬ್ಬಿಯ ಜೊತೆ ದಿನಾ ಬ್ಯಾಗಿನಲ್ಲಿ ಇರಬಲ್ಲ ಕ್ಯಾಮೆರಾ ಯಾವುದು, ಭಾನುವಾರಕ್ಕೆಂದು ಬೀರುವಿನಲ್ಲಿ ಕೂರುವುದು ಯಾವುದು ಎಂದು ಕಾಕಾಗೆ ಕೇಳಿದೆ. "ವಿಚಾರ ಮಾಡ್ತೀನಿ ತಗೋ" ಎಂದರು. ಅವರು ಇನ್ನೂ ವಿಚಾರ ಮಾಡುತ್ತಿದ್ದಾರೆ, ಅತ್ತ ಬಾಗಿಲುಗಳು ಹೋಗುತ್ತಿವೆ.

ಇಕ್ಕಟ್ಟು ಓಣಿಗಳಲ್ಲಿ ಇನ್ನೊಂದು ಸಮಸ್ಯೆ. ಅಹಮದಾಬಾದಿನ ಹಳೇ ಪೇಟೆ 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಅಲ್ಲಿನ ಪೋಳ್‌ಗಳಲ್ಲಿ, ಅಂದರೆ ಒಂದೇ ಬಾಗಿಲಿನ ಒತ್ತೊತ್ತು ಕೇರಿಗಳಲ್ಲಿ, ಮನೆಯ ಮುಂಭಾಗ ಪೂರ್ತಿ ಬರಲೆಂದು ಹಿಂದೆ ಸರಿದರೆ ಬೆನ್ನಿಗೆ ಎದುರು ಮನೆಯ ಜಗುಲಿ ತಾಗುತ್ತದೆ. ಕಿಟ್ ಲೆನ್ಸಿನ 18 ಮಿಲಿಮೀಟರ್ ಎಂದರೆ ಹಳೆಯ ಫಿಲ್ಮ್ ಲೆಕ್ಕದಲ್ಲಿ ನಿಕಾನಿನಲ್ಲಿ 27, ಕ್ಯಾನನ್ನಿನಲ್ಲಿ 29. ಕಾಂಪ್ಯಾಕ್ಟು ಶುರುವಾಗುವುದೇ 24ರಿಂದ. ಬಯಲಿನಲ್ಲಿ ಈ ವ್ಯತ್ಯಾಸ ಏನೂ ಅಲ್ಲ; ಪೋಳಿನಲ್ಲಿ ಮೇಲಿನ ಮಹಡಿಯ ಕೆತ್ತನೆ ಚೌಕಟ್ಟಿನೊಳಗೆ ಬರುತ್ತದೋ ಇಲ್ಲವೋ ಎಂಬುದು ಇದರ ಮೇಲೆಯೇ ನಿಂತಿದೆ. ಜೊತೆಗೆ ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಒಳಗೆ ಕಾಲಿಟ್ಟರೆ ಮೊದಲ ಪ್ರಶ್ನೆ "ಕಈ ಚೆನಲ್?" ಯಾವ ಚಾನೆಲ್ಲು ಎಂದು. ಹರಟೆ ಹೊಡೆಯುತ್ತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ, ಹುಡುಗರು ಎರಡು ಬೆರಳು ಎತ್ತುತ್ತಾರೆ. ನಿಮಗೆ ಬೇಕಿದ್ದ ಚಿತ್ರ ಅಲ್ಲಿಗೆ ಮುಗಿಯಿತು.

ಆನ್ರಿ ಕಾರ್ಟಿಯೇ ಬ್ರೆಸೋ 1966ರಲ್ಲಿ ಇದೇ ಅಹಮದಾಬಾದಿನಲ್ಲಿ ಹೆಂಗಸರು ಉದ್ದುದ್ದ ಸೀರೆಗಳನ್ನು ಬಿಸಿಲಿಗೆ ಹರವುತ್ತಿದ್ದ ಚಿತ್ರ ತೆಗೆದ. ಜಗತ್ತು ನೋಡಿದ ಚಿತ್ರವದು. ಆತ ಜೀವನವಿಡೀ ನೆಚ್ಚಿಕೊಂಡದ್ದು ಅಂಗೈಯಲ್ಲಿ ಹಿಡಿಸುವ ಲೈಕಾ ಮತ್ತು ಬಹುಪಾಲು ಒಂದೇ 50 ಮಿಲಿಮೀಟರ್ ಲೆನ್ಸು. ಅದರ ಹೊಳೆಯುವ ಭಾಗಗಳಿಗೂ ಕಪ್ಪು ಟೇಪು ಸುತ್ತಿ ಮರೆಮಾಡುತ್ತಿದ್ದ. ಅಷ್ಟು ದೂರ ಯಾಕೆ, ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಸೂರತ್ ಪಕ್ಕದ ನವಸಾರಿಯಲ್ಲಿ 1913ರಲ್ಲಿ ಹುಟ್ಟಿ, 2012ರಲ್ಲಿ ವಡೋದರಾದಲ್ಲಿ ತೀರಿಕೊಂಡವರು. ಸ್ಪೀಡ್ ಗ್ರಾಫಿಕ್ ಎಂಬ ಭಾರಿ ಕ್ಯಾಮೆರಾವನ್ನೂ ಹೊತ್ತವರು ಅವರು, ಒಪ್ಪುತ್ತೇನೆ. ಆದರೆ ಅವರ ಇನ್ನೊಂದು ಸಂಗಾತಿ ರೋಲೈಫ್ಲೆಕ್ಸಿನಲ್ಲಿ ಲೆನ್ಸು ಬದಲಿಸುವ ಏರ್ಪಾಡೇ ಇರಲಿಲ್ಲ. "ಲೆನ್ಸು ಬದಲಿಸೋಕಾಗಲ್ಲ, ಅದು ಸೀರಿಯಸ್ ಕ್ಯಾಮೆರಾ ಅಲ್ಲ" ಎನ್ನುವವರು ಈ ಮಾತನ್ನು ಅವರ ಚಿತ್ರಗಳ ಮುಂದೆ ನಿಂತು ಹೇಳಲಿ.

ಡಿಎಸ್ಎಲ್ಆರ್ ಬೇಕೇ ಬೇಕಾದ ಜಾಗಗಳು ಗುಜರಾತಿನಲ್ಲೇ ಇವೆ. ನವರಾತ್ರಿಯ ಗರಬಾ ಅದರಲ್ಲಿ ಮೊದಲನೆಯದು. ರಾತ್ರಿ, ಸುತ್ತುವ ಜನ, ಹಾರುವ ಚಣಿಯಾ. ನೆರಿಗೆ ಕಲಸಿಹೋಗದಂತೆ ಹಿಡಿಯಲು ಸೆಕೆಂಡಿನ 250ನೇ ಒಂದು ಭಾಗದ ಶಟರ್ ಆದರೂ ಬೇಕು. ಇಲ್ಲಿ 50 ಮಿಲಿಮೀಟರ್ ಎಫ್/1.8 ಲೆನ್ಸು ಹಾಕಿದ ಡಿಎಸ್ಎಲ್ಆರ್ ಎದುರು ನನ್ನ ಕಾಂಪ್ಯಾಕ್ಟು ನಿಲ್ಲುವುದಿಲ್ಲ; ಪೂರ್ತಿ ಝೂಮ್ ಮಾಡಿದ ಕಿಟ್ ಲೆನ್ಸಿಗಿಂತ ಅದು ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ಆ ಲೆನ್ಸನ್ನೂ ಸೇರಿಸಿ ಕೊಳ್ಳುವವರೊಡನೆ ನನಗೆ ಜಗಳವಿಲ್ಲ. ಆದರೆ ಹುಷಾರು: ನಿಕಾನಿನ ಹಳೆಯ 'ಡಿ' ಮಾದರಿಯ 50 ಲೆನ್ಸು ಅಗ್ಗವೆಂದು ಕೊಟ್ಟರೆ, ಡಿ3500ರಂಥ ಬಾಡಿಗಳಲ್ಲಿ ಫೋಕಸ್ ಮೋಟಾರು ಇಲ್ಲದ ಕಾರಣ ಆಟೋಫೋಕಸ್ ಆಗುವುದಿಲ್ಲ. ಕೈಯಲ್ಲೇ ತಿರುಗಿಸಬೇಕು, ಗರಬಾ ನಿಮಗಾಗಿ ಕಾಯುವುದಿಲ್ಲ. ನಲ್ ಸರೋವರದ ಹಕ್ಕಿಗಳ ವಿಷಯಕ್ಕೆ ಬಂದರೆ ಇವೆರಡೂ ಕ್ಯಾಮೆರಾಗಳು ನಿರುಪಯೋಗಿ. ಕಿಟ್ ಲೆನ್ಸಿನಲ್ಲಿ ಫ್ಲೆಮಿಂಗೋ ಒಂದು ಗುಲಾಬಿ ಚುಕ್ಕಿ.

ಎರಡನೆಯದು ಸೂರತ್. ಇಲ್ಲಿ ಕ್ಯಾಮೆರಾ ಹವ್ಯಾಸವಲ್ಲ, ವ್ಯಾಪಾರದ ಸಲಕರಣೆ. ರಿಂಗ್ ರೋಡಿನ ಜವಳಿ ಮಾರುಕಟ್ಟೆಗಳಿಂದ ಸೀರೆಯ ಫೋಟೋಗಳು ವಾಟ್ಸಾಪಿನಲ್ಲಿ ಹೊರಟು ನಮ್ಮ ಚಿಕ್ಕಪೇಟೆ, ಹುಬ್ಬಳ್ಳಿಯ ಅಂಗಡಿಗಳನ್ನು ತಲುಪುತ್ತವೆ. ಫೋಟೋದಲ್ಲಿ ಕುಂಕುಮ ಕೆಂಪಾಗಿ ಕಂಡದ್ದು ಪಾರ್ಸೆಲ್ ಬಿಚ್ಚಿದಾಗ ಮೆರೂನ್ ಆದರೆ ಸರಕು ವಾಪಸು. ಬಣ್ಣ ದಿನದಿನಕ್ಕೆ ಬದಲಾಗದಂತಿರಲು ಸ್ಟುಡಿಯೋ ಫ್ಲ್ಯಾಶ್ ಬೇಕು, ಅದನ್ನು ಹೊತ್ತಿಸುವ ಟ್ರಿಗರ್ ಕೂರಿಸಲು ಕ್ಯಾಮೆರಾದ ತಲೆಯ ಮೇಲೆ ಹಾಟ್ ಶೂ ಬೇಕು. ಆರ್‌ಎಕ್ಸ್100 ಮೂರನೇ ಆವೃತ್ತಿಯಲ್ಲಿ ಅದಿಲ್ಲ. ಹಾಗಾಗಿ ಇಲ್ಲಿ ಡಿಎಸ್ಎಲ್ಆರ್ ಎಂದೇ ಹೇಳಬೇಕಿತ್ತು. ಆದರೆ ಕ್ಯಾನನ್ನಿನ ಎಂಟ್ರಿ ಲೆವೆಲ್ 200ಡಿ ಎರಡನೇ ಆವೃತ್ತಿಯ ಹಾಟ್ ಶೂ ನೋಡಿ. ಎಲ್ಲ ಕಂಪನಿಯ ಫ್ಲ್ಯಾಶ್‌ಗಳನ್ನೂ ಹೊತ್ತಿಸಲು ದಶಕಗಳಿಂದ ಇದ್ದ ನಡುವಿನ ಪಿನ್ನನ್ನೇ ತೆಗೆದಿದ್ದಾರೆ. ಕ್ಯಾನನ್ನಿನ ಸ್ವಂತ ಫ್ಲ್ಯಾಶ್ ಹೊತ್ತುತ್ತದೆ, ಆ ಪಿನ್ನನ್ನೇ ನಂಬಿದ ಅಗ್ಗದ ಟ್ರಿಗರು ಹೊತ್ತುವುದಿಲ್ಲ. ಮೊದಲ ಮೆಟ್ಟಿಲು ಎಂದು ಮಾರಿದ ವಸ್ತುವಿನಿಂದ ಎರಡನೇ ಮೆಟ್ಟಿಲಿಗೆ ಕಾಲಿಡುವ ಹಲಗೆಯನ್ನೇ ಕಿತ್ತಿಟ್ಟುಕೊಳ್ಳುವುದಕ್ಕೆ ಏನೆನ್ನಬೇಕು? ಸೀರೆ ವ್ಯಾಪಾರಿಗೆ ನನ್ನ ಸಲಹೆ, ಒಂದು ದರ್ಜೆ ಮೇಲಿನ ಹಳೆಯ ಡಿಎಸ್ಎಲ್ಆರ್ ಅನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಿ. ಹೊಸ ಎಂಟ್ರಿ ಲೆವೆಲ್ ಮುಟ್ಟಬೇಡಿ.

ಕಾಂಪ್ಯಾಕ್ಟಿನ ದೋಷಗಳೂ ಸಣ್ಣವಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಡಿ3500 1550 ಚಿತ್ರ ತೆಗೆಯುತ್ತದೆಂದು ಕಂಪನಿಯ ಲೆಕ್ಕ, ಆರ್‌ಎಕ್ಸ್100 ಮೂರನೆಯದು 320. ಒಂದು ಹೆಚ್ಚುವರಿ ಬ್ಯಾಟರಿ ಕಡ್ಡಾಯ. ಒಳಗೆ ಹೊರಗೆ ಸರಿಯುವ ಅದರ ಲೆನ್ಸು ಪ್ರತಿ ಸಲವೂ ಗಾಳಿಯನ್ನು, ಗುಜರಾತಿನಲ್ಲಾದರೆ ಗಾಳಿಯ ಜೊತೆ ಧೂಳನ್ನೂ, ಒಳಕ್ಕೆ ಎಳೆಯುತ್ತದೆ. ಡಿಎಸ್ಎಲ್ಆರ್ ಸೆನ್ಸರಿಗೆ ಧೂಳು ಕೂತರೆ ಬ್ಲೋವರ್ ಒತ್ತಿ ನೀವೇ ಹಾರಿಸಬಹುದು. ಕಾಂಪ್ಯಾಕ್ಟಿನೊಳಗೆ ಕೂತರೆ ಸರ್ವಿಸ್ ಸೆಂಟರೇ ಗತಿ. ಉತ್ತರಾಯಣದ ದಿನ ತಾರಸಿಯ ಮೇಲೆ ಇಡೀ ದಿನ ತೆರೆದಿಟ್ಟುಕೊಂಡು ಓಡಾಡಬೇಡಿ. ಮೇಲಾಗಿ ಇನ್‌ಸ್ಟಾಗ್ರಾಮಿನ ಹುಡುಗ ಹುಡುಗಿಯರಿಗೆ ಕಾಂಪ್ಯಾಕ್ಟಿನ ಗೀಳು ಹಿಡಿದು ಜಿ7 ಎಕ್ಸ್‌ನಂಥವುಗಳ ಬೆಲೆ ಏರಿಕೂತಿದೆ. ನಾಲ್ಕು ವರ್ಷದ ಹಿಂದೆ ಈ ಬರಹ ಬರೆದಿದ್ದರೆ ನಿಮ್ಮ ಜೇಬಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಸೆಕೆಂಡ್ ಹ್ಯಾಂಡ್ ನೋಡುವಾಗ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಳ್ಳಬೇಡಿ, ಹೊರಗೆ ಬನ್ನಿ. ಹತ್ತು ಸಲ ಆನ್ ಆಫ್ ಮಾಡಿ, ಲೆನ್ಸು ಹೊರಬರುವಾಗ ಕರಕರ ಸದ್ದು ಬಂದರೆ ಬಿಟ್ಟುಬಿಡಿ. ಅಪರ್ಚರನ್ನು ಎಫ್/11ಕ್ಕೆ ಇಟ್ಟು ಮೋಡವಿಲ್ಲದ ಆಕಾಶದ ಒಂದು ಚಿತ್ರ ತೆಗೆದು, ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಮಸುಕು ಬೂದು ಚುಕ್ಕಿಗಳಿದ್ದರೆ ಒಳಗೆ ಧೂಳಿದೆ. ಬ್ಯಾಟರಿ ಉಬ್ಬಿದೆಯೇ ಎಂದು ಹೊರತೆಗೆದು ನೋಡಿ. ಇಷ್ಟರ ನಡುವೆ ಅಂಗಡಿಯವರು ಪಕ್ಕದ ಕಪಾಟಿನಿಂದ "ಇದೇ ರೇಟಿಗೆ ಮೋಟೋ ಕ್ಯಾಮೆರೋ, ಬ್ಯಾಗು, ಟ್ರೈಪಾಡು ಫ್ರೀ" ಎಂದು ತೆಗೆದು ಇಡುತ್ತಾರೆ. ಬ್ಯಾಗಿನ ತೂಕವನ್ನೂ ಕೇಳಿ.