ಉರ್ದು ಫಲಕದ ಹಿಂದೆ ನಡೆದ ಕನ್ನಡ ಪಾಠ

ಬೀದರ ಜಿಲ್ಲೆಯ ಭಾಲ್ಕಿಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುವ ಸಂಗತಿಯೊಂದಿದೆ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಆಗ ಕಚೇರಿ, ಕೋರ್ಟುಗಳ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಕನ್ನಡ ಓದಿದವನಿಗೆ ನೌಕರಿಯ ಭರವಸೆ ಇರಲಿಲ್ಲ.

ಆದರೂ ಪಾಠ ನಿಲ್ಲಲಿಲ್ಲ.

ಅದೇ ಹೊತ್ತಿಗೆ ದೂರದ ವಿಜಯಪುರದಲ್ಲಿ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕುತ್ತಿದ್ದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಹೊರಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಮುದ್ರಣಾಲಯ ನಡೆಸಲು ಸ್ವಂತ ಮನೆಯನ್ನೇ ಮಾರಿದ ಮನುಷ್ಯ ಅವರು. ಮಠದ ಗಂಟುಗಳಲ್ಲಿ, ಮನೆಯ ಜಗಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಅಚ್ಚಾಗಿ, ಓದು ಬಲ್ಲ ಯಾರ ಕೈಗಾದರೂ ಸಿಗುವಂತಾದವು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ಪೂಜೆಯ ಹೆಸರುಗಳಾಗಿ ಉಳಿಯದೆ ಸಾಹಿತ್ಯದ ಲೇಖಕರಾದರು.

ಆದರೆ ಅಚ್ಚಾದ ಪುಸ್ತಕಕ್ಕೆ ಓದುಗ ಬೇಕು. ಬೀದರ ಸೀಮೆಯಲ್ಲಿ ಆ ಓದುಗರನ್ನು ತಯಾರು ಮಾಡಿದ್ದು ಪಟ್ಟದ್ದೇವರ ದೊಡ್ಡ ಸಾಧನೆ. ಕಮಲನಗರದಲ್ಲಿ ಹುಟ್ಟಿದ ಅವರು ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಜೋಳಿಗೆ ಹಿಡಿದು ತಂದ ಕಾಳುಕಡ್ಡಿಯಿಂದ ಬಡ ವಿದ್ಯಾರ್ಥಿಗಳ ಪ್ರಸಾದ ನಿಲಯ ನಡೆಸಿದರು. ದಲಿತರ ಮಕ್ಕಳೂ ಅಲ್ಲಿ ಉಂಡು ಓದಿದರು. ವಚನಗಳು ಸಮಾಜವನ್ನು ಬದಲಿಸಿದವು ಎಂದು ಭಾಷಣಗಳಲ್ಲಿ ಸುಲಭವಾಗಿ ಹೇಳುತ್ತೇವೆ. ಇಲ್ಲಿ ಆ ಬದಲಾವಣೆ ಊಟದ ಪಂಕ್ತಿಯಲ್ಲಿ ಕಾಣಿಸಿಕೊಂಡಿತು. ಜಾತಿ ಬಿಡಬೇಕೆಂಬ ಮಾತನ್ನು ಓದುವುದಕ್ಕೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ಮುರಿಯುವುದಕ್ಕೂ ಬಹಳ ಅಂತರವಿದೆ.

ಈ ನೆಲಕ್ಕೆ ಇನ್ನೊಂದು ವಿದ್ಯೆಯ ನೆನಪೂ ಇದೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ವಿಜಯನಗರದಲ್ಲಿ ವಿರಕ್ತರು ವಚನಗಳನ್ನು ಸಂಕಲಿಸಿ ಟೀಕೆ ಬರೆದರು. ಅದೇ ಶತಮಾನದಲ್ಲಿ ಇರಾನಿನ ಗೀಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ 1472ರ ಸುಮಾರಿಗೆ ಮದರಸಾ ಕಟ್ಟಿಸಿ, ಅದರಲ್ಲಿ ದೊಡ್ಡ ಗ್ರಂಥಾಲಯ ಮಾಡಿಸಿದ. ಎರಡೂ ಪ್ರಯತ್ನಗಳು ಹಳೆಯ ವಿದ್ಯೆಯನ್ನು ಹೊಸಬರಿಗೆ ದಾಟಿಸುವ ಕೆಲಸವೇ. ಬೀದರ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾನ ಗೋರಿಗೆ ಅಲ್ಲಮಪ್ರಭುವಿನ ಹೆಸರಿನಲ್ಲೂ ನಡೆದುಕೊಳ್ಳುವ ಭಕ್ತರಿದ್ದಾರೆ. ಉರ್ದು, ಮರಾಠಿ, ತೆಲುಗು ಒಟ್ಟಿಗೇ ಕೇಳುವ, ಬೀದರಿನ ಮೈಲೂರಿನಂಥ ಬಡಾವಣೆಯಲ್ಲಿ ಬೆಳೆದವರಿಗೆ ಇದೇನೂ ಆಶ್ಚರ್ಯದ ವಿಷಯವಲ್ಲ. ಪಟ್ಟದ್ದೇವರ ಹೋರಾಟವನ್ನು ಉರ್ದುವಿನ ಮೇಲಿನ ಸಿಟ್ಟೆಂದು ಓದುವವರು ಈ ಊರನ್ನು ಸರಿಯಾಗಿ ನೋಡಿಲ್ಲ. ಆಳುವ ಭಾಷೆ ಮನೆಯ ಭಾಷೆಯ ಬಾಯಿ ಮುಚ್ಚಿಸಬಾರದು ಎಂಬುದಷ್ಟೇ ಅವರ ಹಟವಾಗಿತ್ತು.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿತು, 1985 ಮತ್ತು 2006ರಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನಗಳಾದವು. ಬಸವಕಲ್ಯಾಣದಲ್ಲಿ ಬಸವಣ್ಣನವರ 108 ಅಡಿ ಎತ್ತರದ ಮೂರ್ತಿ ನಿಂತಿದೆ. ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಇವೆಲ್ಲ ಬೇಕು. ಆದರೆ ಸರ್ಕಾರದ ಗಮನವೆಲ್ಲ ಕಲ್ಲು, ಕಾಂಕ್ರೀಟಿನ ಮೇಲೇ ನಿಂತರೆ ಹಳಕಟ್ಟಿಯವರ ದುಡಿಮೆಯೂ ಪಟ್ಟದ್ದೇವರ ಜೋಳಿಗೆಯೂ ಉತ್ಸವದ ದಿನದ ಭಾಷಣಕ್ಕೆ ಮುಗಿದುಹೋಗುತ್ತವೆ.

ಔರಾದ, ಕಮಲನಗರ, ಭಾಲ್ಕಿ ತಾಲ್ಲೂಕುಗಳ ಗಡಿ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಅವರಿಗೆ ಹಳೆಯ ಪಠ್ಯವನ್ನು ಇಂದಿನ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಶಿಕ್ಷಕರನ್ನು ಅಲ್ಲಿಗೇ ನೇಮಿಸಬೇಕು. ಪ್ರತಿ ಪ್ರೌಢಶಾಲೆಗೂ ಅರ್ಥಸಹಿತ ವಚನ ಸಂಪುಟಗಳು ತಲುಪಬೇಕು, ಅವು ಬೀಗ ಹಾಕಿದ ಕಪಾಟಿನಲ್ಲಿ ಕೂರದೆ ಮಕ್ಕಳ ಕೈಯಲ್ಲಿ ಓಡಾಡಬೇಕು. ಬೀದರಿನ ಪರ್ಷಿಯನ್ ಶಾಸನ, ದಾಖಲೆಗಳನ್ನು ಓದಬಲ್ಲ ನಾಲ್ಕಾರು ಕನ್ನಡ ಹುಡುಗ ಹುಡುಗಿಯರನ್ನಾದರೂ ಇಲ್ಲಿನ ವಿಶ್ವವಿದ್ಯಾಲಯ ತಯಾರು ಮಾಡಬೇಕು. ಇದಕ್ಕೆ ಬೇಕಾದ ಹಣ ಒಂದು ಮೂರ್ತಿಯ ಪೀಠದ ಖರ್ಚನ್ನೂ ಮುಟ್ಟಲಾರದು. ಮುಂದಿನ ಬಜೆಟ್ಟಿನಲ್ಲಿ ಜಿಲ್ಲೆಯ ಶಾಸಕರು ಇದನ್ನು ಕೇಳಲಿ.