ಹರಪನಹಳ್ಳಿಯ ಹಳೆಯ ಜಿಲ್ಲೆಗಳನ್ನು ಅಳಿಸಬೇಡಿ

ಹರಪನಹಳ್ಳಿ ಯಾವ ಜಿಲ್ಲೆಗೆ ಸೇರಿದ್ದು? ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1953ರಲ್ಲಿ ಜಿಲ್ಲೆಯ ಜೊತೆಗೇ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಬಂದಾಗ ದಾವಣಗೆರೆ ಅದರ ಹೊರಗಿತ್ತು. ಬಳ್ಳಾರಿಯಲ್ಲೇ ಉಳಿದಿದ್ದರೆ ಸಿಗುತ್ತಿದ್ದ ಉದ್ಯೋಗ, ಶಿಕ್ಷಣದ ಮೀಸಲು ಕೈತಪ್ಪಿತೆಂದು ಅಲ್ಲಿಯ ಜನ ಹೋರಾಡಿದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಅಲ್ಲಿಂದಲೂ ಬೇರ್ಪಟ್ಟು ವಿಜಯನಗರ ಜಿಲ್ಲೆಯ ಭಾಗವಾಯಿತು. ಲೋಕಸಭೆಗೆ ಮತ ಹಾಕುವುದು ಮಾತ್ರ ದಾವಣಗೆರೆ ಕ್ಷೇತ್ರದಲ್ಲಿ.

ಈ ಕಥೆಯನ್ನು ಒಂದಕ್ಷರ ಬಿಡದೆ ದಾಖಲಿಸಬಲ್ಲ ವ್ಯವಸ್ಥೆ ನಮ್ಮ ಕೈಯಲ್ಲಿದೆ. 2012ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ದತ್ತಾಂಶ ಭಂಡಾರ ವಿಕಿಡೇಟಾದಲ್ಲಿ ಪ್ರತಿ ಊರಿಗೂ, ತಾಲ್ಲೂಕಿಗೂ, ಜಿಲ್ಲೆಗೂ ಒಂದೊಂದು ಐಟಂ ಇರುತ್ತದೆ. ಯಾವುದು ಯಾವುದರ ಆಡಳಿತಕ್ಕೆ ಸೇರಿದ್ದು ಎಂಬುದನ್ನು ಪಿ131 ಎಂಬ ಪ್ರಾಪರ್ಟಿ ಹೇಳುತ್ತದೆ. ಎಂದಿನಿಂದ ಎಂದಿನವರೆಗೆ ಎಂಬ ದಿನಾಂಕವನ್ನೂ ಅದರ ಜೊತೆಗೆ ಬರೆಯಬಹುದು. ಆದರೂ ಹೊಸ ಜಿಲ್ಲೆ ಘೋಷಣೆಯಾದ ಕೂಡಲೇ ಹಳೆಯದನ್ನು ತೆಗೆದುಹಾಕಿ ಅಲ್ಲಿ ಹೊಸದನ್ನು ಬರೆಯುವ ಸಂಪಾದಕರಿದ್ದಾರೆ. ಅವರಿಗೆ ಇದು ಅಪ್‌ಡೇಟ್. ನನ್ನ ಪಾಲಿಗೆ ಇದು ದಾಖಲೆಯ ನಾಶ. ಜಮೀನು ಕೈ ಬದಲಾದಾಗ ಕಂದಾಯ ಸಿಬ್ಬಂದಿ ಮ್ಯುಟೇಶನ್ ವಹಿಯಲ್ಲಿ ಹಳೆಯ ಖಾತೆದಾರನ ಹೆಸರನ್ನು ಕೆರೆದು ಹಾಕುವುದಿಲ್ಲ, ಹೊಸ ನಮೂದು ಮಾಡುತ್ತಾರೆ. ಒಂದು ಎಕರೆ ಹೊಲಕ್ಕೆ ಸಲ್ಲುವ ಈ ಮರ್ಯಾದೆ ಇಡೀ ತಾಲ್ಲೂಕಿಗೆ ಸಲ್ಲಬಾರದೇ?

ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರಿಗಿಂತ ನೋವಿನ ಉದಾಹರಣೆ ನನಗೆ ಕಾಣುತ್ತಿಲ್ಲ. ಅವರು ಹುಟ್ಟಿದ್ದು 1915ರಲ್ಲಿ, ಕಾಸರಗೋಡಿನ ಪೆರಡಾಲದಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಅದು ಕೇರಳ ಸೇರಿದ್ದು 1956ರ ನವೆಂಬರ್ 1ರಂದು. ಮರುವರ್ಷ ಕಣ್ಣೂರು ಜಿಲ್ಲೆಗೆ ಸೇರಿ, 1984ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಕಾಸರಗೋಡು ಕರ್ನಾಟಕಕ್ಕೆ ಸಲ್ಲಬೇಕೆಂದು ಕಯ್ಯಾರರು ಬದುಕಿನುದ್ದಕ್ಕೂ ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಯಾಗಲಿಲ್ಲ. ವಿಕಿಡೇಟಾದಲ್ಲಿ ಪೆರಡಾಲದ ಹಳೆಯ ಆಡಳಿತ ಕೊಂಡಿಗಳನ್ನು ಅಳಿಸಿ ಇಂದಿನದನ್ನಷ್ಟೇ ಉಳಿಸಿದರೆ, ಹುಟ್ಟೂರಿನ ಸರಪಳಿ ಹಿಡಿದು ಮೇಲೇರುವ ಕಂಪ್ಯೂಟರ್ ಅವರನ್ನು ಕೇರಳದಲ್ಲಿ ಹುಟ್ಟಿದವರು ಎಂದು ಪಟ್ಟಿ ಮಾಡುತ್ತದೆ. 1915ರಲ್ಲಿ ಕೇರಳವೆಂಬ ರಾಜ್ಯವೇ ಇರಲಿಲ್ಲ. ಇಂದಿನ ಪೆರಡಾಲ ಕೇರಳದಲ್ಲಿದೆ ಎಂಬುದು ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಇಂದಿನ ನಿಜವನ್ನು ಅಂದಿನ ಕಾಲದ ಮೇಲೆ ಹೇರುವುದು ತಪ್ಪು.

ವಿರೋಧಿಸುವವರ ವಾದವನ್ನೂ ನೋಡೋಣ. ಬಳಕೆದಾರರಿಗೆ ಬೇಕಿರುವುದು ಇಂದಿನ ಮಾಹಿತಿ, ನಾಲ್ಕು ಜಿಲ್ಲೆ ತೋರಿಸಿದರೆ ಗೊಂದಲ ಎನ್ನುತ್ತಾರೆ. ಅದಕ್ಕೆ ಪರಿಹಾರ ಆಗಲೇ ಇದೆ. ಇಂದಿನ ಜಿಲ್ಲೆಗೆ ಆದ್ಯತೆಯ ದರ್ಜೆ ಕೊಟ್ಟರೆ ಸಾಮಾನ್ಯ ಹುಡುಕಾಟದಲ್ಲಿ ಅದೊಂದೇ ಬರುತ್ತದೆ, ಹಳೆಯವು ತಮ್ಮ ದಿನಾಂಕದೊಂದಿಗೆ ಹಿಂದೆ ಉಳಿಯುತ್ತವೆ.

ಎರಡನೆಯ ವಾದ ಇದಕ್ಕಿಂತ ಗಟ್ಟಿ. ಊರಿನಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ರಾಜ್ಯ ಎಂದು ಒಂದೇ ಉಸಿರಿಗೆ ಮೇಲೇರುವ ಕ್ವೆರಿ, ಅಂದರೆ ದತ್ತಾಂಶಕ್ಕೆ ಕೇಳುವ ಪ್ರಶ್ನೆ, ದಿನಾಂಕಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಿರುವಾಗ ದಿನಾಂಕ ಬರೆದು ಏನು ಪ್ರಯೋಜನ? ಈ ಕೊರತೆ ಇರುವುದು ಕೇಳುವ ವಿಧಾನದಲ್ಲಿ. ಪ್ರತಿ ಕೊಂಡಿಯಲ್ಲೂ ದಿನಾಂಕ ಪರೀಕ್ಷಿಸುವಂತೆ ಕ್ವೆರಿ ಬರೆಯಲು ಸಾಧ್ಯವಿದೆ, ಕೆಲಸ ಸ್ವಲ್ಪ ಹೆಚ್ಚು, ಅಷ್ಟೇ. ಇಂದು ಕೇಳಲು ಕಷ್ಟವೆಂದು ಉತ್ತರವನ್ನೇ ಅಳಿಸಿಬಿಟ್ಟರೆ ನಾಳೆ ಸರಿಯಾಗಿ ಕೇಳುವವರಿಗೆ ಏನೂ ಸಿಗದು. ಜೊತೆಗೆ ಪ್ರತಿ ಐಟಂ ತನ್ನ ಮೇಲಿನ ಒಂದೇ ಮೆಟ್ಟಿಲನ್ನು ಹೇಳಿದರೆ ಸಾಕು. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಗಳು ತಾಲ್ಲೂಕನ್ನಷ್ಟೇ ಹೇಳಿದ್ದರೆ 2018ರಲ್ಲೂ 2021ರಲ್ಲೂ ತಾಲ್ಲೂಕಿನ ಐಟಂ ಒಂದನ್ನೇ ತಿದ್ದಿದರೆ ಮುಗಿಯುತ್ತಿತ್ತು. ಪ್ರತಿ ಹಳ್ಳಿಗೂ ನೇರವಾಗಿ ಜಿಲ್ಲೆ ಬರೆದಾಗ ತಿದ್ದುಪಡಿ ಹಳ್ಳಿ ಹಳ್ಳಿಗೂ ಬೇಕಾಗುತ್ತದೆ, ಅರ್ಧ ತಿದ್ದಿ ಅರ್ಧ ಬಿಟ್ಟ ದತ್ತಾಂಶವೇ ಉಳಿಯುತ್ತದೆ.

ಬೇರೆ ಬೇರೆ ಆಡಳಿತಗಳನ್ನು ಒಂದೇ ಸರಪಳಿಗೆ ಪೋಣಿಸುವ ಚಾಳಿಯೂ ನಿಲ್ಲಬೇಕು. ನಮ್ಮ ಕಂದಾಯ ವ್ಯವಸ್ಥೆಯಲ್ಲಿ ಗ್ರಾಮದ ಮೇಲೆ ಹೋಬಳಿ, ಅದರ ಮೇಲೆ ತಾಲ್ಲೂಕು. ಪಂಚಾಯತ್ ರಾಜ್‌ನಲ್ಲಿ ಹೋಬಳಿ ಎಂಬುದೇ ಇಲ್ಲ, ಗ್ರಾಮ ಪಂಚಾಯಿತಿ ಇದೆ. ಚುನಾವಣಾ ಕ್ಷೇತ್ರಗಳದ್ದು ಮತ್ತೊಂದು ಗಡಿ. ಬೆಂಗಳೂರು ದಕ್ಷಿಣ ಎಂದರೆ ಈಗ ಎಷ್ಟು ಎಂದು ಲೆಕ್ಕ ಹಾಕಿ. ಬೆಂಗಳೂರು ನಗರ ಜಿಲ್ಲೆಯ ತಾಲ್ಲೂಕೊಂದು, ಲೋಕಸಭಾ ಕ್ಷೇತ್ರವೊಂದು, ವಿಧಾನಸಭಾ ಕ್ಷೇತ್ರವೊಂದು, 2025ರಲ್ಲಿ ಬಿಬಿಎಂಪಿ ಹೋಗಿ ಬಂದ ಐದು ನಗರಪಾಲಿಕೆಗಳಲ್ಲೊಂದು, ಅದೇ ವರ್ಷ ರಾಮನಗರ ಜಿಲ್ಲೆಗೆ ಇಟ್ಟ ಹೆಸರೊಂದು. ಆ ವಿಧಾನಸಭಾ ಕ್ಷೇತ್ರ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲೂ ಇಲ್ಲ, ಬೆಂಗಳೂರು ಗ್ರಾಮಾಂತರದಲ್ಲಿದೆ! ಹೆಸರು ನೋಡಿ ಜೋಡಿಸುವ ಬಾಟ್‌ಗೆ ಇದನ್ನು ಒಪ್ಪಿಸಿದರೆ ಆ ಜಿಲ್ಲೆಯ ಕನಕಪುರದ ಹಳ್ಳಿಯೊಂದು ಬೆಂಗಳೂರು ನಗರದ ಜಯನಗರದ ಪಕ್ಕಕ್ಕೆ ಬಂದು ಕೂರುತ್ತದೆ.

ರಾಮನಗರದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಒಡೆದು ಬಂದಾಗ ಅದು ಹೊಸ ಜಿಲ್ಲೆ. 2025ರಲ್ಲಿ ಆದದ್ದು ಹೆಸರಿನ ಬದಲಾವಣೆ ಮಾತ್ರ. ಅದಕ್ಕೆ ಹೊಸ ಐಟಂ ಸೃಷ್ಟಿಸಿದರೆ ಒಂದೇ ಜಿಲ್ಲೆ ಎರಡಾಗುತ್ತದೆ. ಇರುವ ಐಟಂನಲ್ಲೇ ಎರಡೂ ಹೆಸರುಗಳನ್ನು ದಿನಾಂಕದೊಂದಿಗೆ ಬರೆಯಬೇಕು. ವಿಜಯನಗರ ಹಾಗಲ್ಲ, ಬಳ್ಳಾರಿಯಿಂದ ಬೇರ್ಪಟ್ಟ ಅದಕ್ಕೆ ತನ್ನದೇ ಐಟಂ ಬೇಕು.

ವಿಕಿಡೇಟಾದ ಮಾಹಿತಿಯನ್ನು ಯಾರು ಬೇಕಾದರೂ ಅನುಮತಿ ಕೇಳದೆ ಬಳಸಬಹುದು. ಇಲ್ಲಿಯ ಒಂದು ತಪ್ಪು ಎಲ್ಲೆಲ್ಲಿಗೆ ಹರಿಯುತ್ತದೆ ಎಂಬುದರ ಮೇಲೆ ತಿದ್ದಿದವರಿಗೂ ಹಿಡಿತವಿರುವುದಿಲ್ಲ. 2027ರ ಜನಗಣತಿಯ ಗ್ರಾಮಪಟ್ಟಿ ಬಂದಾಗ ಅದನ್ನು ರಾಶಿರಾಶಿಯಾಗಿ ಏರಿಸುವ ಉತ್ಸಾಹ ಖಂಡಿತ ಮೂಡುತ್ತದೆ, ಮೂಡಬೇಕು ಕೂಡ. 2001 ಮತ್ತು 2011ರ ಜನಗಣತಿ ಸಂಕೇತಗಳಿಗೆ ವಿಕಿಡೇಟಾದಲ್ಲಿ ಬೇರೆ ಬೇರೆ ಪ್ರಾಪರ್ಟಿಗಳಿವೆ, ಒಂದು ಇನ್ನೊಂದನ್ನು ನುಂಗಿಲ್ಲ. ಜಿಲ್ಲೆ, ತಾಲ್ಲೂಕುಗಳ ಕೊಂಡಿಗೂ ಅದೇ ಶಿಸ್ತು ಬೇಕೆಂದು ಕನ್ನಡದ ವಿಕಿ ಸಂಪಾದಕರು ಈಗಲೇ ಕೂತು ತೀರ್ಮಾನಿಸಲಿ. ಆರಂಭದ ದಿನಾಂಕವಿಲ್ಲದೆ ಹೊಸ ಜಿಲ್ಲೆಯನ್ನು ಸೇರಿಸುವ, ಕೊನೆಯ ದಿನಾಂಕ ಬರೆಯದೆ ಹಳೆಯ ಜಿಲ್ಲೆಯನ್ನೇ ತೆಗೆದುಹಾಕುವ ತಿದ್ದುಪಡಿಯನ್ನು, ಮಾಡಿದವರು ಎಷ್ಟೇ ಹಿರಿಯರಾಗಿರಲಿ, ಆ ದಿನವೇ ಹಿಂದಕ್ಕೆ ಮರಳಿಸಲಿ.