ಮಗುವಿನ ಅಂಗೈಗೆ ಅದರದೇ ಬೆಳಕು

ಪರಶಿವನ ಸೃಷ್ಟಿಯಲ್ಲಿ ಒಂದು ಎಲೆಯಂತೆ ಇನ್ನೊಂದು ಎಲೆಯಿಲ್ಲ, ಒಂದು ಮುಖದಂತೆ ಇನ್ನೊಂದು ಮುಖವಿಲ್ಲ. ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಇಬ್ಬರು ಮಕ್ಕಳ ಸ್ವಭಾವವೂ ಒಂದೇ ಆಗಿರುವುದಿಲ್ಲ. ಹೀಗೆ ನೂರು ಬಗೆಯಾಗಿ ಬಂದ ಮಕ್ಕಳನ್ನು ಶಾಲೆಯ ಬಾಗಿಲಲ್ಲಿ ಬರಮಾಡಿಕೊಂಡು, ಹತ್ತು ವರ್ಷಗಳ ನಂತರ ಇಟ್ಟಿಗೆಯ ಅಚ್ಚಿನಿಂದ ತೆಗೆದಂತೆ ಒಂದೇ ತೆರನಾಗಿ ಹೊರಗೆ ಕಳುಹಿಸುವುದಾದರೆ, ಅದನ್ನು ಶಿಕ್ಷಣವೆನ್ನಬೇಕೋ ಅಥವಾ ಭಗವಂತನ ಸೃಷ್ಟಿಗೆ ನಾವು ಮಾಡುವ ತಿದ್ದುಪಡಿ ಎನ್ನಬೇಕೋ ಎಂಬುದನ್ನು ಸದ್ಭಕ್ತರು ಆಲೋಚಿಸಬೇಕು.

ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ತಂದೆತಾಯಿಗಳು ಮಕ್ಕಳೊಂದಿಗೆ ಶ್ರೀಮಠಕ್ಕೆ ಬರುತ್ತಾರೆ. ಇಷ್ಟು ಅಂಕ ಬಂತು, ಇಷ್ಟು ಪ್ರತಿಶತ ಬಂತು ಎಂದು ಹೇಳಿ ನಮಸ್ಕರಿಸುತ್ತಾರೆ. ನಮಗೂ ಸಂತೋಷವಾಗುತ್ತದೆ. ಆದರೆ "ಮಗೂ, ನಿನಗೆ ಏನು ಮಾಡಿದರೆ ಮನಸ್ಸಿಗೆ ಹಿತವಾಗುತ್ತದೆ?" ಎಂದು ಕೇಳಿದರೆ ಆ ಮಗು ತಂದೆಯ ಮುಖ ನೋಡುತ್ತದೆ. ನೂರು ಪ್ರಶ್ನೆಗೆ ಉತ್ತರ ಬರೆದ ಮಗುವಿಗೆ ತನ್ನ ಮನಸ್ಸಿನ ಮಾತು ಹೇಳಲು ಬಾರದು. ಕಡಿಮೆ ಅಂಕ ಬಂದ ಮಗುವಿನ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ. ನಮಗೆ ಚಿಂತೆ ಈ ಮಗುವಿನದು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 'ನಾನು ಕಂಡ ಜಾತ್ರೆ' ಎಂಬ ಪ್ರಬಂಧವನ್ನು ಬರೆಯಲು ಹೇಳಿದರೆ ತರಗತಿಯ ನಲವತ್ತು ಮಕ್ಕಳೂ ಗೈಡಿನಲ್ಲಿರುವ ಒಂದೇ ಜಾತ್ರೆಯನ್ನು ಕಂಡಿರುತ್ತಾರೆ! ಹಿಂದಿನ ವಾರವಷ್ಟೇ ತಮ್ಮೂರಿನ ತೇರಿಗೆ ಉತ್ತತ್ತಿ ಎಸೆದು, ಬೆಂಡು ಬತ್ತಾಸು ತಿಂದು ಬಂದ ಮಕ್ಕಳು ಅದರ ಒಂದು ಮಾತನ್ನೂ ಬರೆಯುವುದಿಲ್ಲ. ಬರೆದರೆ ಅಂಕ ಹೋದೀತೆಂಬ ಭಯ. ಚಿತ್ರ ಬರೆಯಿರಿ ಎಂದರೆ ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ. ಗುಡ್ಡವನ್ನೇ ಕಾಣದ ಎರೆಭೂಮಿಯ ಮಗುವೂ ಆ ಗುಡ್ಡಗಳನ್ನೇ ಬರೆಯುತ್ತದೆ. ಜೋಳದ ಹೊಲದ ಅಂಚಿನಿಂದ ಮೇಲೇಳುವ ತನ್ನೂರಿನ ಸೂರ್ಯನು ಅದಕ್ಕೆ ಚಿತ್ರಕ್ಕೆ ಯೋಗ್ಯನೆನಿಸುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಹಿಂದೆ ಮಕ್ಕಳು ಹಳ್ಳದ ದಂಡೆಗೆ ಹೋಗಿ ಮಣ್ಣು ತಂದು, ಹದಮಾಡಿ, ತಾವೇ ಎತ್ತು ಮಾಡುತ್ತಿದ್ದರು. ಒಂದರ ಕೊಂಬು ಸೊಟ್ಟ, ಇನ್ನೊಂದರ ಬೆನ್ನು ಡೊಂಕು. ಆದರೂ ಅದು ಆ ಮಗುವಿನ ಎತ್ತು. ಈಗ ಎಷ್ಟೋ ಮನೆಗಳಿಗೆ ಸಂತೆಯಿಂದ ಅಚ್ಚಿನ ಎತ್ತು ಬರುತ್ತದೆ. ನೋಡಲು ಅಂದವಾಗಿದೆ, ಆದರೆ ಮಗುವಿನ ಬೆರಳ ಗುರುತು ಅದರ ಮೇಲಿಲ್ಲ.

ಸೃಜನಶೀಲತೆ ಎಂಬ ಮಾತು ಇತ್ತೀಚೆಗೆ ಬಹಳ ಬಳಕೆಯಲ್ಲಿದೆ. ಇದು ಹೊರದೇಶದಿಂದ ಬಂದ ಹೊಸ ವಿಚಾರವೆಂದು ಹಲವರು ತಿಳಿದಿದ್ದಾರೆ. ನಮ್ಮ ದೀಕ್ಷಾವಿಧಿಯ ಮರ್ಮವನ್ನು ಬಲ್ಲವರು ಹಾಗೆ ಹೇಳಲಾರರು. ವೀರಶೈವ ದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುತ್ತಾನೆ. ಇದಕ್ಕೆ ಹಸ್ತಮಸ್ತಕ ಸಂಯೋಗವೆಂದು ಹೆಸರು. ಆಗ ಗುರುವು ಹೊರಗಿನಿಂದ ಏನನ್ನೋ ತಂದು ಶಿಷ್ಯನಲ್ಲಿ ತುಂಬುವುದಿಲ್ಲ. ಶಿಷ್ಯನಲ್ಲಿಯೇ ಅಡಗಿರುವ ಚಿತ್ಕಳೆಯನ್ನು ಎಚ್ಚರಿಸಿ, ಅದನ್ನೇ ಇಷ್ಟಲಿಂಗರೂಪವಾಗಿ ಅವನ ಕರಸ್ಥಲಕ್ಕೆ ಕೊಡುತ್ತಾನೆ. ಶಿಷ್ಯನದನ್ನು ಶಿಷ್ಯನಿಗೇ ತೋರಿಸಿಕೊಡುವುದು ಗುರುವಿನ ಕಾರ್ಯ. ಇಂದಿನ ಪಾಠಶಾಲೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಜೂನ್ ತಿಂಗಳಿಂದ ತುಂಬುವುದು, ಮಾರ್ಚ್ ತಿಂಗಳಲ್ಲಿ ತುಂಬಿದ್ದನ್ನೇ ಹೊರಗೆ ತೆಗೆಸಿ ಅಳೆಯುವುದು. ಕೊಡ ತುಂಬಿ ಕೊಡ ಬರಿದು ಮಾಡಿದಂತೆ. ಒಳಗೊಂದು ಒರತೆಯಿದೆ ಎಂಬುದನ್ನು ಯಾರೂ ನೋಡುವುದಿಲ್ಲ.

ಪ್ರಶ್ನೆ ಕೇಳುವ ಶಿಷ್ಯನನ್ನು ನಮ್ಮ ಪರಂಪರೆ ಎಂದೂ ಉದ್ಧಟನೆಂದು ಕರೆಯಲಿಲ್ಲ. ಶ್ರೀ ಸಿದ್ಧಾಂತ ಶಿಖಾಮಣಿಯು ಅಗಸ್ತ್ಯ ಮಹರ್ಷಿಗಳಿಗೆ ಶ್ರೀ ಜಗದ್ಗುರು ರೇಣುಕಾಚಾರ್ಯರು ಮಾಡಿದ ಉಪದೇಶ. ಅದು ಮುಂದೆ ಸಾಗುವುದೇ ಶಿಷ್ಯನ ಜಿಜ್ಞಾಸೆಯಿಂದ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನೋಡಿರಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಬಟ್ಟೆ ಮಡಿಮಾಡುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು ತಮ್ಮ ತಮ್ಮ ಕಾಯಕದ ಅನುಭವದಿಂದಲೇ ಮಾತು ತೆಗೆದು ವಚನಗಳನ್ನು ರಚಿಸಿದರು. ಪ್ರತಿಯೊಬ್ಬ ಶರಣರಿಗೂ ತಮ್ಮದೇ ಅಂಕಿತವಿತ್ತು. ಬಸವಣ್ಣನವರ ಅಂಕಿತವನ್ನು ಅಕ್ಕಮಹಾದೇವಿ ಬಳಸಲಿಲ್ಲ, ಅಲ್ಲಮಪ್ರಭುಗಳ ಅಂಕಿತವನ್ನು ಚೌಡಯ್ಯನವರು ಎರವಲು ಪಡೆಯಲಿಲ್ಲ, ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ತತ್ತ್ವ ಒಂದೇ, ಅಂಕಿತ ಬೇರೆ ಬೇರೆ. ನಮ್ಮ ಮಕ್ಕಳ ಉತ್ತರಪತ್ರಿಕೆಯಲ್ಲಿ ನೋಂದಣಿ ಸಂಖ್ಯೆ ಇದೆ, ಅಂಕಿತವಿಲ್ಲ.

ಹಾಗಾದರೆ ಬಾಯಿಪಾಠ ಬೇಡವೇ, ಶಿಸ್ತು ಬೇಡವೇ ಎಂದು ಹಿರಿಯರು ಕೇಳಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ನೆನಪಿಸಬಹುದು. ಬಾಯಿಪಾಠವನ್ನು ನಾವು ಹಗುರಾಗಿ ಕಾಣುವವರಲ್ಲ. ಮಗ್ಗಿ, ಅಮರಕೋಶ, ವಚನ, ಸ್ತೋತ್ರ ಇವು ಎಳೆಯ ವಯಸ್ಸಿನಲ್ಲಿ ನಾಲಿಗೆಗೆ ಹತ್ತಬೇಕು. ಆದರೆ ಬೀಜವನ್ನು ಕಣಜದಲ್ಲಿ ಇಟ್ಟುಕೊಂಡವನು ರೈತನೆನಿಸಿಕೊಳ್ಳುವುದಿಲ್ಲ, ಬಿತ್ತಬೇಕು. ಮನನವಿಲ್ಲದ ಪಠನ ಕಣಜದ ಬೀಜ. ಇನ್ನು ಗಾದೆಯ ಮಾತು. ಬಳ್ಳಿಗೆ ಚಪ್ಪರ ಹಾಕುವವನೂ ಅದನ್ನು ಬಗ್ಗಿಸುತ್ತಾನೆ, ಆದರೆ ಅದು ಮೇಲೇರಲೆಂದು ಬಗ್ಗಿಸುತ್ತಾನೆ.

ಶಿಸ್ತು ಮತ್ತು ಸ್ವಂತಿಕೆ ಹೇಗೆ ಕೂಡಿ ಬಾಳುತ್ತವೆಂಬುದನ್ನು ತಿಳಿಯಬೇಕಾದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ನೋಡಬೇಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯ ಕುರುಡ ಬಾಲಕನೊಬ್ಬನ ಕಂಠವನ್ನು ಕೇಳಿ, ಇವನಲ್ಲಿ ನಾದವಿದೆಯೆಂದು ಗುರುತಿಸಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಪೂಜ್ಯರು ಆ ಬಾಲಕನಿಗೆ ಕಣ್ಣಿಲ್ಲವೆಂಬುದನ್ನು ಲೆಕ್ಕಿಸಲಿಲ್ಲ, ಇರುವುದೇನೆಂಬುದನ್ನು ನೋಡಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. 1944ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕೊಟ್ಟರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ಮುಂದುವರಿಸಿದರು. ಕಣ್ಣಿಲ್ಲದ ಅವರು ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು.

ಅಲ್ಲಿಯ ವಿದ್ಯೆ ಸಡಿಲವಾದದ್ದಲ್ಲ. ನಸುಕಿನಲ್ಲಿ ಎದ್ದು ಸಾ ಹಿಡಿಯಬೇಕು, ಅಲಂಕಾರಗಳನ್ನು ಸಾವಿರ ಸಲ ತಿರುವಬೇಕು. ಆದರೆ ರಾಗ ಕೈವಶವಾದ ಮೇಲೆ ಶಿಷ್ಯನು ತಾನೇ ಆಲಾಪ ಮಾಡಬೇಕು, ಗುರುವಿನ ನಕಲು ನಡೆಯದು. ಸ್ವರಗಳು ಅವೇ, ರಾಗದ ನಿಯಮ ಅದೇ, ಆದರೆ ಇಂದು ಹಾಡಿದಂತೆ ನಾಳೆ ಹಾಡಲಾಗದು. ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಪಂಡಿತ ಬಸವರಾಜ ರಾಜಗುರು ಅವರ ಗಾಯನ ಅವರದೇ, ಪುಟ್ಟರಾಜರ ಗಾಯನ ಪುಟ್ಟರಾಜರದೇ. ನಿಯಮವನ್ನು ಮೈಗೂಡಿಸಿಕೊಂಡವನಿಗೆ ಸ್ವಾತಂತ್ರ್ಯ. ಸೃಜನಶೀಲತೆ ಎಂದರೆ ಮನಬಂದಂತೆ ವರ್ತಿಸುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಬಡ ತಂದೆತಾಯಿಗಳ ಮಾತು ಬೇರೆ. "ಬುದ್ಧಿ, ಹಾಡು, ಚಿತ್ರ ಇವು ಉಳ್ಳವರ ಮಕ್ಕಳಿಗೆ. ನಮ್ಮ ಮಗನಿಗೆ ನೌಕರಿ ಬೇಕು" ಎನ್ನುತ್ತಾರೆ. ಅವರ ಸಂಕಟ ನಮಗೆ ತಿಳಿಯುತ್ತದೆ. ಅಂಕ ಬೇಡವೆಂದು ಅವರಿಗೆ ಉಪದೇಶಿಸಲು ನಾವು ಸಿದ್ಧರಿಲ್ಲ. ಆದರೆ ಒಂದು ಮಾತು. ಪುಣ್ಯಾಶ್ರಮಕ್ಕೆ ಬಂದ ಮಕ್ಕಳು ಉಳ್ಳವರ ಮಕ್ಕಳಲ್ಲ. ಅವರಿಗೆ ಬದುಕು ಕೊಟ್ಟದ್ದು ಅವರೊಳಗಿನ ಶಕ್ತಿಯೇ. ನೌಕರಿ ಸಿಕ್ಕ ಮೇಲೂ ಹೊಸ ತೊಡಕು ಬಂದಾಗ ಹೊಸ ದಾರಿ ಹುಡುಕಬಲ್ಲವನೇ ನಿಲ್ಲುತ್ತಾನೆ. ಗೈಡಿನಲ್ಲಿ ಇಲ್ಲದ ಪ್ರಶ್ನೆಗಳನ್ನೇ ಜೀವನ ಕೇಳುವುದು.

ಸರ್ಕಾರಗಳಿಗೆ ಇದು ತಿಳಿಯದ ವಿಷಯವಲ್ಲ. 1993ರಲ್ಲಿಯೇ ಪ್ರೊ. ಯಶಪಾಲ್ ಅವರ ಸಮಿತಿಯು ಮಕ್ಕಳಿಗೆ ಪಾಟಿಚೀಲದ ಭಾರಕ್ಕಿಂತ ಅರ್ಥವಾಗದಿರುವಿಕೆಯ ಭಾರವೇ ಹೆಚ್ಚು ಹಾನಿಕರವೆಂದು ತಿಳಿಸಿತು. 1995ರಲ್ಲಿ ನಮ್ಮ ರಾಜ್ಯದ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 'ನಲಿ-ಕಲಿ' ಪ್ರಾರಂಭವಾಯಿತು. ಮಗು ತನ್ನ ವೇಗದಲ್ಲಿ, ಆಡುತ್ತ ಹಾಡುತ್ತ ಕಲಿಯಬೇಕೆಂದು ಶಿಕ್ಷಕರೇ ಕೂಡಿ ರೂಪಿಸಿದ ಈ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಷಟ್‌ಸ್ಥಲವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಸಾಧಕನು ಯಾವ ಸ್ಥಲದಲ್ಲಿದ್ದಾನೆಂದು ನೋಡಿ ಬೋಧಿಸಬೇಕೆಂಬುದೇ ಅದರ ತತ್ತ್ವ. ಆದರೆ ಮಗು ಮೇಲಿನ ತರಗತಿಗೆ ಹೋದಂತೆ ನಲಿಯುವುದು ನಿಲ್ಲುತ್ತದೆ. ಹತ್ತನೆಯ ತರಗತಿಗೆ ಬಂದಾಗ ಸಂಗೀತದ ಅವಧಿ, ಚಿತ್ರದ ಅವಧಿ ಗಣಿತಕ್ಕೆ ಹೋಗುತ್ತದೆ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಗೂ ಸಂಗೀತಕ್ಕೂ ಶಿಕ್ಷಕರೇ ಇಲ್ಲ.

ಆದುದರಿಂದ ಮಠಮಾನ್ಯಗಳು ನಡೆಸುವ ವಿದ್ಯಾಸಂಸ್ಥೆಗಳು ಮೊದಲು ಮುಂದೆ ಬರಬೇಕು. ಪರೀಕ್ಷೆಯ ವರ್ಷವೆಂದು ಸಂಗೀತ, ಚಿತ್ರ, ಆಟಗಳ ಅವಧಿಯನ್ನು ಕಸಿದುಕೊಳ್ಳಬಾರದು. ಶಿಕ್ಷಕರು ವಾರಕ್ಕೊಮ್ಮೆಯಾದರೂ ಗೈಡಿನಲ್ಲಿ ಉತ್ತರವಿಲ್ಲದ ಪ್ರಶ್ನೆಯೊಂದನ್ನು ಕೇಳಲಿ, ಮಗು ತನ್ನ ಮಾತಿನಲ್ಲಿ ಬರೆದ ನಾಲ್ಕು ಸಾಲಿಗೆ ಬೆಲೆ ಕೊಡಲಿ. ತಾಯಂದಿರು ಮಗು ಮಾಡಿದ ಸೊಟ್ಟ ಕೊಂಬಿನ ಎತ್ತನ್ನೇ ದೇವರ ಜಗುಲಿಯ ಮೇಲಿಟ್ಟು ಪೂಜಿಸಲಿ. ಹಾಗೆಂದು ಮಗುವಿನ ಪ್ರತಿಭೆಯನ್ನು ಸ್ಪರ್ಧೆಯ ಸರಕಾಗಿಸುವುದೂ ಸಲ್ಲದು. ಕಲಿತದ್ದು ಕಾಯಕವಾಗಬೇಕು, ಕಾಯಕದ ಫಲ ದಾಸೋಹವಾಗಬೇಕು. ಚೆನ್ನಾಗಿ ಹಾಡುವ ಮಗು ಅಜ್ಜಿಗೆ ಹಾಡಲಿ, ಓಣಿಯ ಪ್ರಾರ್ಥನೆಯಲ್ಲಿ ಹಾಡಲಿ. ಚಪ್ಪಾಳೆಗಾಗಿಯೇ ಹಾಡುವುದನ್ನು ಕಲಿತರೆ ಚಪ್ಪಾಳೆ ನಿಂತ ದಿನ ಹಾಡೂ ನಿಲ್ಲುತ್ತದೆ.

ಗುರುವಿನ ಹಸ್ತ ಮಗುವಿನ ಮಸ್ತಕದ ಮೇಲೆ ಬರುವುದು ಅದನ್ನು ತಗ್ಗಿಸಲಿಕ್ಕಲ್ಲ, ಒಳಗಿನ ಬೆಳಕನ್ನು ಎಚ್ಚರಿಸಲಿಕ್ಕೆ. ತಂದೆತಾಯಿಗಳ ಹಸ್ತವೂ, ಶಿಕ್ಷಕರ ಹಸ್ತವೂ ಅಂಥದ್ದಾಗಲಿ. ನಾಡಿನ ಮಕ್ಕಳೆಲ್ಲರೂ ತಮ್ಮ ತಮ್ಮ ಅಂಕಿತದಿಂದ ಬಾಳಿ ಬೆಳಗಲೆಂದು ನಾವು ಹಾರೈಸುತ್ತೇವೆ.